ಹೊಂಗೆ ಮರಕ್ಕೆ ನೇತುಹಾಕಿದ ಬಾತು

ಕೆಂಗೇರಿಯಲ್ಲಿ ಬಸ್ಸು ಹತ್ತಿದಾಗ ವೆಂಕಟಸ್ವಾಮಿಗೆ ಬೇಕಾಗಿದ್ದದ್ದು ಒಂದೇ, ಸೀಟು. ರಾತ್ರಿ ಪಾಳಿಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತೂ ನಿಂತೂ ಕಾಲು ಮರದ ಕೊರಡಾಗಿತ್ತು. ಸೀಟು ಸಿಕ್ಕಿತು. ಗೋಣಿಚೀಲವನ್ನು ಕಾಲಿನ ಸಂದಿಯಲ್ಲಿಟ್ಟುಕೊಂಡು ಕಣ್ಣು ಮುಚ್ಚುವಷ್ಟರಲ್ಲಿ ಕಂಡಕ್ಟರ್ ಬಂದ.

"ಏನಣ್ಣ ಅದು ಚೀಲದಲ್ಲಿ?"

"ಸೊಪ್ಪು."

ಚೀಲ 'ಕ್ವಾಕ್' ಎಂದಿತು. ಬಸ್ಸಿಗೆ ಬಸ್ಸೇ ಹಿಂತಿರುಗಿ ನೋಡಿತು.

"ಮಾತಾಡೋ ಸೊಪ್ಪು ಕಣ್ರಪ್ಪೋ! ಬಾಯಿದ್ದ ಮೇಲೆ ಅದಕ್ಕೂ ಟಿಕೆಟ್ ತಗೋಬೇಕು ಗುರುವೇ," ಎಂದು ಕಂಡಕ್ಟರ್ ಟಿಕೆಟ್ ಹರಿದೇ ಹರಿದ. ಜಗಳಕ್ಕೆ ವೆಂಕಟಸ್ವಾಮಿಯಲ್ಲಿ ಶಕ್ತಿ ಇರಲಿಲ್ಲ.

ಇದೆಲ್ಲ ಅಪ್ಪನಿಗಾಗಿ. ಅಪ್ಪ ಚಿಕ್ಕಹನುಮಯ್ಯ ಟೈಫಾಯ್ಡ್‌ನಿಂದ ಎದ್ದು ಕೂತಿದ್ದ, ಅಷ್ಟೆ. ಜ್ವರ ಹೋಗುವಾಗ ನಾಲಿಗೆಯ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದ, ಮುದ್ದೆ ಕಂಡರೆ ಗೋಡೆಯ ಕಡೆ ಹೊರಳುತ್ತಿದ್ದ. "ಹೊಟ್ಟೆಗೆ ಏನಾದ್ರೂ ಬೀಳ್ಬೇಕು ಕಣಯ್ಯ. ಬರೀ ಔಷಧಿ ಮೇಲೆ ಮನುಷ್ಯ ಎಷ್ಟು ದಿನ ಇರ್ತಾನೆ?" ಎಂದು ಡಾಕ್ಟರು ಕೈಚೆಲ್ಲಿದ್ದರು. ಏನು ಬೇಕು ಅಂತ ಕೇಳಿ ಕೇಳಿ ಸಾಕಾದಾಗ ಮುದುಕ ಒಂದು ಸಂಜೆ ತಾನಾಗಿ ಬಾಯಿ ಬಿಟ್ಟ.

"ಯುದ್ಧದ್ ಕಾಲದಲ್ಲಿ ಸಿಂಗಾಪುರ್ದಲ್ಲಿ ಲಾರಿ ಓಡುಸ್ತಿದ್ನಲ್ಲ. ಅಲ್ಲಿ ಚೀನಾದೋರು ಬೀದೀಲಿ ಬಾತುಕೋಳೀನ ಸುಟ್ಟು, ಕತ್ತಿಗೆ ದಾರ ಕಟ್ಟಿ ಸಾಲಾಗಿ ನೇತಾಕೋರು ಕಣ್ಲಾ. ಬೆಲ್ಲದ ಪಾಕ ಹುಯ್ದಂಗೆ ಹೊಳೀತಿತ್ತು. ಕೊರಡಿನ್ ಮೇಲಿಟ್ಟು ಕೊಚ್ಚಿ ಎಲೇಲಿ ಕೊಡೋರು. ನಮ್ಮಂಥ ಡ್ರೈವರ್‌ಗೂ ಎಟುಕೋ ಅಷ್ಟು ಅಗ್ಗ. ಅದೊಂದು ತುಂಡು ಸಿಕ್ಕಿದ್ರೆ ಈ ನಾಲಿಗೆ ಏಳ್ತದೆ."

ಒಳಗಿನಿಂದ ವೆಂಕಟಸ್ವಾಮಿಯ ಹೆಂಡತಿ ನರಸಮ್ಮ, "ಮಾವ ಬಾಯಿಬಿಟ್ಟು ಕೇಳವ್ರೆ, ಎಲ್ಲಿದ್ರೂ ಹುಡುಕ್ಕಂಡ್ ಬನ್ನಿ," ಎಂದವಳು ಆಮೇಲೆ ಬಾಗಿಲಿಗೆ ಬಂದು ಸೇರಿಸಿದಳು: "ಶ್ರಾವಣ ಕಣ್ರೀ. ಶನಿವಾರ ಒಂದು ಬಿಟ್ಟು ಯಾವತ್ತಾದ್ರೂ ತನ್ನಿ." ಅವರದು ತಿರುಪತಿ ತಿಮ್ಮಪ್ಪನ ಒಕ್ಕಲು. ಉಳಿದ ದಿನ ಹೇಗೋ ಏನೋ, ಶ್ರಾವಣದ ಶನಿವಾರ ಮಾತ್ರ ಮಾಂಸ ಹೊಸ್ತಿಲು ದಾಟುವಂತಿರಲಿಲ್ಲ. ಆ ಕಟ್ಟು ಮಾಡಿದ್ದವನು ಚಿಕ್ಕಹನುಮಯ್ಯನೇ.

ಅಲ್ಲಿಂದ ಶುರುವಾಯಿತು ಅಲೆದಾಟ. ಬ್ರಿಗೇಡ್ ರೋಡಿನ ಚೀನೀ ಹೋಟೆಲಿನ ಬಾಗಿಲಲ್ಲಿ ಕಾವಲಿನವನು ಇವನ ಚಪ್ಪಲಿ ನೋಡಿದ, ಇವನೂ ತನ್ನ ಚಪ್ಪಲಿ ನೋಡಿಕೊಂಡ. ಒಳಗೆ ಬಾತುಕೋಳಿಗೆ ಅವರು ಹೇಳಿದ ಬೆಲೆಗೆ ತಮ್ಮ ರಾಜಾಜಿನಗರದಲ್ಲಿ ಒಂದು ಕುರಿಯೇ ಬರುತ್ತಿತ್ತು. ಬೀದಿ ಗಾಡಿಗಳಲ್ಲಿ ಕೇಳಿದರೆ ಬೋಂಡ ಇದೆ ಎಂದರು. ಯಾರೋ ಪುಣ್ಯಾತ್ಮ, ಚೀನಾದವರ ವಿಷಯ ಚೀನಾದವರಿಗೇ ಗೊತ್ತು ಎಂದ. ಸರಿ, ಒಬ್ಬ ಚೀನೀ ಹಲ್ಲಿನ ಡಾಕ್ಟರ ಹತ್ತಿರ ಹೋದ. ಬಾಯಿ ತೆರೆಯುವುದಕ್ಕಿಲ್ಲ, ಕುರ್ಚಿಯಲ್ಲಿ ಮಲಗಿಸಿ ಕನ್ನಡಿ ಒಳಗಿಟ್ಟೇ ಬಿಟ್ಟರು. ಎಷ್ಟೋ ದಿನದ ಮೇಲೆ ಬೆನ್ನಿಗೆ ಒರಗು ಸಿಕ್ಕ ಖುಷಿಗೆ ಅವನೂ ಹಾಗೇ ಕಾಲು ಚಾಚಿದ.

"ಯಾವ ಹಲ್ಲು ನೋವು?"

"ಹಲ್ಲಲ್ಲ ಸಾರ್. ಬಾತು."

ಡಾಕ್ಟರು ನಕ್ಕು ನಕ್ಕು ಶಿವಾಜಿನಗರದ ಒಂದು ಗಲ್ಲಿಯ ಗುರುತು ಹೇಳಿದರು. ಅಲ್ಲಿ ತಗಡಿನ ಬಾಗಿಲು ಬಡಿದಾಗ ಬನಿಯನ್ ಹಾಕಿದ್ದ ಒಬ್ಬ ಚೀನೀ ಮುದುಕ ಅರ್ಧ ಮುಖ ಮಾತ್ರ ತೋರಿಸಿದ.

"ಪೊಲೀಸಾ?"

"ಅಯ್ಯೋ ಇಲ್ಲ ಅಜ್ಜ. ನಮ್ಮಪ್ಪಂಗೆ ಬಾತು ಬೇಕಿತ್ತು. ಬೀದೀಲಿ ಮಾರ್ತಾರಲ್ಲ, ಆ ಥರದ್ದು."

ಬಾಗಿಲು ಪೂರ್ತಿ ತೆರೆಯಿತು. "ಗಾಡಿ ಇತ್ತು ಅಪ್ಪಾ. ಚೀನಾ ಜೊತೆ ಲಡಾಯಿ ಆಯ್ತಲ್ಲ, ಅದ್ರ ಮೇಲೆ ಚೀನಿ ಮಾಡಿದ್ದು ಯಾರಿಗೂ ಬೇಡ. ಗಾಡಿ ಬಂದ್," ಎಂದ ಮುದುಕ. ಹಿತ್ತಲಲ್ಲಿ ಮುರಿದ ಗಾಡಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಅಪ್ಪನ ಕತೆಯನ್ನು ಅವನು ತಲೆ ಆಡಿಸುತ್ತ ಕೇಳಿದ. ಕೊನೆಗೆ, "ಬಾತು ನೀನ್ ತಾ. ಬೆಂಕಿ ನಂದು," ಎಂದ.

ಕೆಂಗೇರಿ ಕೆರೆಯ ಬಯಲಲ್ಲಿ ತಮಿಳಿನವರು ಬಾತು ಮೇಯಿಸುತ್ತಿದ್ದದ್ದು ಹೀಗೆ ನೆನಪಾದದ್ದು. ರಾತ್ರಿ ಪಾಳಿ ಮುಗಿಸಿ ನೇರ ಅಲ್ಲಿಗೆ ಹೋಗಿ, ಒಂದನ್ನು ಚೀಲಕ್ಕೆ ಹಾಕಿ, ಬಸ್ಸು ಬದಲಾಯಿಸಿ ಶಿವಾಜಿನಗರ ಮುಟ್ಟಿದ. ಚೀನೀ ಅಜ್ಜ ಕೊಯ್ದು, ಪುಕ್ಕ ಕಿತ್ತು, ಪಕ್ಕದ ಮನೆಯಿಂದ ಸೈಕಲ್ ಪಂಪ್ ತರಿಸಿದ. ಕತ್ತಿನ ಹತ್ತಿರ ಸಣ್ಣದಾಗಿ ಗೀರಿ ಪಂಪ್ ಹೊಡೆದರೆ ಚರ್ಮ ಮಾಂಸ ಬಿಟ್ಟೆದ್ದು ಬಾತು ಫುಟ್‌ಬಾಲಿನ ಹಾಗೆ ಉಬ್ಬಿತು! ಅದಕ್ಕೆ ಕುದಿಯುವ ನೀರು, ಅದರ ಮೇಲೆ ಬೆಲ್ಲದ ನೀರು ಹುಯ್ದು ನೆರಳಲ್ಲಿ ತೂಗುಹಾಕಿದ.

"ಚೆನ್ನಾಗಿ ಒಣಗ್ಬೇಕು. ಅರ್ಜೆಂಟ್ ಮಾಡಿದ್ರೆ ಚರ್ಮ ರಬ್ಬರ್. ನಾಡಿದ್ದು ಬಾ."

"ನಾಡಿದ್ದು ನಂಗೂ ರಜ," ಎಂದ ವೆಂಕಟಸ್ವಾಮಿ.

ರಜದ ದಿನ ಇಳಿಹೊತ್ತಿಗೆ ಬಾತು ಕೈಗೆ ಬಂತು. ಬಿಸಿಬಿಸಿ, ಕೆಂಪಗೆ, ಮುಟ್ಟಿದರೆ ಹಪ್ಪಳದಂತೆ ಸದ್ದು ಮಾಡುವ ಚರ್ಮ. ಬಾಳೆಲೆಯಲ್ಲಿ ಸುತ್ತಿ, ಮೇಲೆ ಪೇಪರು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡ. ಅಕ್ಕಪಕ್ಕದವರು ಮೂಗು ಅರಳಿಸಿದರು. ಇವತ್ತು ಅಪ್ಪ ತಿನ್ನುತ್ತಾನೆ, ನಾನು ಮಲಗುತ್ತೇನೆ ಎಂದುಕೊಂಡು ರಾಜಾಜಿನಗರದಲ್ಲಿ ಇಳಿದ.

ತಿರುವಿನಲ್ಲೇ ಶಂಖದ ಸದ್ದು ಕೇಳಿಸಿತು, ಬೆನ್ನಿಗೇ ಜಾಗಟೆ. ಎದುರಿನಿಂದ ಹಣೆ ತುಂಬ ನಾಮ ಹಾಕಿದ್ದ ದಾಸಯ್ಯ ಬಂದ. ಬಂದದ್ದು ತನ್ನ ಮನೆಯಿಂದಲೇ. ವೆಂಕಟಸ್ವಾಮಿಯ ಕಾಲು ನಿಂತಿತು.

ನರಸಮ್ಮ ಬಾಗಿಲಿಗೆ ಅಡ್ಡ ನಿಂತಳು. "ಏನ್ರೀ ಅದು ವಾಸ್ನೆ?"

"ಬಾತು. ಭಾನುವಾರ ಅಲ್ವೇನೇ?"

"ಭಾನುವಾರನಾ? ಬೆಳಿಗ್ಗೆಯಿಂದ ಮನೆ ತೊಳೆದು ಎಡೆ ಮಾಡಿವ್ನಿ, ಇವ್ರಿಗೆ ಭಾನುವಾರ! ಶನಿವಾರ ಕಣ್ರೀ. ಹೊಸ್ಲು ದಾಟುದ್ರೆ ನೋಡಿ ಮತ್ತೆ!"

ಆಗ ಹೊಳೆಯಿತು. ಕರೆಂಟ್ ಕಟ್ ಇದ್ದದ್ದರಿಂದ ಕಾರ್ಖಾನೆಗಳಿಗೆ ವಾರದ ರಜೆಯನ್ನು ಒಂದೊಂದಕ್ಕೆ ಒಂದೊಂದು ದಿನದಂತೆ ಹಂಚಿದ್ದರು. ಈ ವಾರದಿಂದ ಅವನ ರಜೆ ಶನಿವಾರಕ್ಕೆ ಬಿದ್ದಿತ್ತು. ರಜ ಎಂದರೆ ಭಾನುವಾರ ಎನ್ನುವುದು ಅವನ ಮೈಗೆ ಹತ್ತಿದ ಲೆಕ್ಕ, ನಿದ್ದೆಗೆಟ್ಟ ತಲೆ ಅದನ್ನೇ ಹಿಡಿದುಕೊಂಡಿತ್ತು.

"ಏನ್ಲಾ ಅದು?" ಒಳಗಿನಿಂದ ಅಪ್ಪನ ದನಿ. ಗೋಡೆ ಹಿಡಿದುಕೊಂಡು ಮುದುಕ ಬಾಗಿಲಿಗೆ ಬಂದೇ ಬಿಟ್ಟ. ಜ್ವರ ಬಂದಮೇಲೆ ಹೊಸ್ತಿಲಿನ ತನಕ ನಡೆದದ್ದು ಅದೇ ಮೊದಲು. ಹಣೆಯ ಮೇಲೆ ನಾಮ. "ಎದುರುಗಡೆ ಹೊಂಗೆ ಮರಕ್ಕೆ ಕಟ್ಟು. ಕತ್ತಿಗೆ ದಾರ ಹಾಕಿ ಕಟ್ಟು."

ಕಟ್ಟಿದ. ಸಂಜೆಯ ಬಿಸಿಲಿಗೆ ಬಾತು ಬೆಲ್ಲದ ಪಾಕದಂತೆ ಹೊಳೆಯಿತು. ಮಗನ ಭುಜ ಹಿಡಿದು ರಸ್ತೆ ದಾಟಿದ ಚಿಕ್ಕಹನುಮಯ್ಯ ಅದರ ಕೆಳಗೆ ನಿಂತು ವಾಸನೆ ಹೀರಿದ. "ಇದೇ. ಇದೇ ಕಣ್ಲಾ." ಕೈ ಮೇಲೆದ್ದಿತು, ಅರ್ಧಕ್ಕೆ ನಿಂತಿತು.

"ತಿನ್ನಪ್ಪ. ಒಂದೇ ಒಂದು ತುಂಡು. ಕಾಯಿಲೆಯೋರಿಗೆ ತಿಮ್ಮಪ್ಪ ಏನೂ ಅನ್ನಲ್ಲ," ಎಂದ ವೆಂಕಟಸ್ವಾಮಿ. ಅವನ ದನಿಯಲ್ಲಿ ಹೆಚ್ಚೂಕಡಿಮೆ ಅಳುವೇ ಇತ್ತು.

"ಅವನು ಅನ್ನಲ್ಲ ಕಣ್ಲಾ. ಆದ್ರೆ ಜ್ವರದಲ್ಲಿ ನಾನು ಕೂಗಿದ್ದು ಅವನ್ನ, ಬಾತುಕೋಳೀನಲ್ಲ." ಮುದುಕ ವಾಪಸು ಬಂದು ಜಗಲಿಯ ಮೇಲೆ ಕುಸಿದು ಕೂತ. ಆಗ ಗಾಳಿ ಮರದ ಕಡೆಯಿಂದ ಬೀಸಿತು. ಮುದುಕ ಎಂಜಲು ನುಂಗಿದ. "ನರಸಮ್ಮ, ಎಡೆಗೆ ಏನ್ ಮಾಡಿದ್ದೆ?"

"ಪುಳಿಯನ್ನ, ಪಾಯಸ. ಯಾಕ್ ಮಾವ?"

"ಇಲ್ಲಿಗೇ ತಾ."

ಬಾತಿನ ಮೇಲಿಂದ ಕಣ್ಣು ಕೀಳದೆ ಅವನು ಪುಳಿಯನ್ನ ಬಾಯಿಗಿಟ್ಟ. ಅಗಿದ, ನುಂಗಿದ. ಮತ್ತೊಂದು ತುತ್ತು. ಎಲೆ ಖಾಲಿಯಾದಾಗ, "ಇನ್ನೊಂದ್ ಸ್ವಲ್ಪ ಹಾಕವ್ವ," ಎಂದ. ನರಸಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ತಿಂದು ತೇಗಿ, ಕೈ ತೊಳೆದು, ಮುದುಕ ಹೇಳಿದ: "ನಾಳೆ ಬೆಳಿಗ್ಗೆ ಬಾತು ತಿಂತೀನಿ. ಅಲ್ಲೀಗಂಟ ಕಾಗೆ ನಾಯಿ ಮುಟ್ಟದಂಗೆ ನೋಡ್ಕೊಳೋ."

ನಾಳೆ. ಇವತ್ತು ರಜ ಆದ ಮೇಲೆ ನಾಳೆ ಕೆಲಸ, ಅದೂ ಪಾಳಿ ಬದಲಾಗಿ ಬೆಳಗಿನದು. ವೆಂಕಟಸ್ವಾಮಿ ಕೋಲೊಂದು ತೆಗೆದುಕೊಂಡು ಹೋಗಿ ಹೊಂಗೆ ಮರಕ್ಕೆ ಬೆನ್ನು ಕೊಟ್ಟು ಕೂತ. ರೆಪ್ಪೆ ತಾನಾಗಿ ಇಳಿಯುತ್ತಿತ್ತು. ಬೀದಿಯ ಕಂದು ನಾಯಿ ನಿಧಾನವಾಗಿ ಬಂದು ಎದುರಿಗೆ ಕೂತು, ಒಮ್ಮೆ ಬಾತನ್ನೂ ಒಮ್ಮೆ ಅವನನ್ನೂ ನೋಡಿತು. ಅದಕ್ಕೆ ಅವಸರವೇನೂ ಇರಲಿಲ್ಲ, ಬೆಳಿಗ್ಗೆ ಪಾಳಿಯೂ ಇರಲಿಲ್ಲ.