ಕೆಂಪು ಕ್ಲಿಪ್ಪು ಹಾಕಿದ ಕೈ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಯಲಿನ ಗೇಟಿಗೆ ಬಂದ ಪುಟ್ಟರಾಜು ಮೊದಲು ನೋಡಿದ್ದು ಆಕಾಶವನ್ನಲ್ಲ, ಹಲಗೆಯನ್ನು. ಹಲಗೆಗೆ ಬಟ್ಟೆ ಒಣಹಾಕುವ ಕೆಂಪು ಕ್ಲಿಪ್ಪು ಸಿಕ್ಕಿಸಿತ್ತು. ಬಯಲಿನಲ್ಲಿ ಜನವೋ ದನವೋ ಇದೆ, ವಿಮಾನ ಹಾರಿಸಕೂಡದು ಎಂದು ಅದರರ್ಥ. ಬಯಲಿನಲ್ಲಿ ಮಾತ್ರ ಒಂದು ಕಾಗೆಯೂ ಇರಲಿಲ್ಲ.

ವಿಮಾನವೆಂದರೆ ನಾಲ್ಕೂವರೆ ಅಡಿ ರೆಕ್ಕೆಯ, ರಿಮೋಟಿನಲ್ಲಿ ಹಾರುವ ಮಾದರಿ. ಊಟಿ ಹತ್ತಿರದ ನಂಜನಾಡಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಗುಂಡ್ಲುಪೇಟೆ ಕಡೆಯ ಪುಟ್ಟರಾಜು ಮತ್ತು ಊಟಿಯ ನಾಲ್ಕಾರು ಜನ ವಾರವಾರ ಇಲ್ಲಿ ಹಾರಿಸುತ್ತಿದ್ದರು. ಕಳೆದ ತಿಂಗಳು ಬ್ಯಾಂಕಿನ ಗಿರೀಶನ ವಿಮಾನ ಹುಲ್ಲಿನ ಹೊರೆ ಹೊತ್ತ ಹೆಂಗಸರ ನಡುವೆ ಬಿತ್ತು. ಯಾರಿಗೂ ತಗಲಲಿಲ್ಲ, ಆದರೆ ಊರಿಗೆಲ್ಲ ತಗಲಿತು. ಬಯಲು ಊರಿನದು; ಬಾಯಿಮಾತಿನಲ್ಲಿ ಕೊಟ್ಟವರು ಹಾಲ ಎಂಬ ಹೆಸರಿನ ಊರಗೌಡರು. ಇವತ್ತು ಅವರೇ ಬಂದು, ಕಣ್ಣಾರೆ ನೋಡಿ, ಹಾರಾಟ ಇರಬೇಕೋ ಬೇಡವೋ ಹೇಳುವವರಿದ್ದರು. ಬೇಡವೆಂದರೆ ಮುಗಿಯಿತು. ಸುತ್ತ ಇನ್ನೆಲ್ಲಿ ಮಟ್ಟಸ ನೆಲವಿದ್ದರೂ ಅಲ್ಲಿ ಕ್ಯಾರೆಟ್ಟಿದೆ. ಬೀಜ ಮಾರಿದವನೂ ಪುಟ್ಟರಾಜುವೇ.

ಕ್ಲಿಪ್ಪಿನ ಕಾನೂನೂ ಅವನದೇ. ಬಯಲಿಗೆ ಇಳಿಯುವವರು ಕ್ಲಿಪ್ಪು ಹಾಕಬೇಕು, ಹಾಕಿದ ಕೈಯೇ ತೆಗೆಯಬೇಕು. ಬರೆದು, ಲ್ಯಾಮಿನೇಶನ್ ಮಾಡಿಸಿ, ಮನೆಮನೆಗೆ ಹೋಗಿ ಓದಿ ಹೇಳಿದ್ದ. ಕಾನೂನು ಬರೆಯುವವನಿಗೆ ಅದು ಬೇರೆಯವರಿಗಾಗಿ ಎಂಬ ನಂಬಿಕೆ ಇರುತ್ತದೆ.

ಒಂಬತ್ತಕ್ಕೆ ಬಂದ ಗೌಡರು ಶಾಲು ಹೊದ್ದು ಕಲ್ಲಿನ ಮೇಲೆ ಕೂತರು. "ರಂಗಿ ಹಾಕಿದ್ದು. ಏಳು ಗಂಟೆಗೆ ನಾನೇ ಕಂಡೆ."

ಪುಟ್ಟರಾಜು ಬಯಲಿನ ಆಚೆ ತುದಿಯ ತಗ್ಗಿನವರೆಗೆ ನಡೆದ. ಯಾರೂ ಇಲ್ಲ. ಹಸು ಮೇಯಿಸಲು ಬಯಲಿಗೆ ಇಳಿಯುವ ರಂಗಿಯ ಮನೆಗೆ ಹೋದ. ಬೀಗ. ಹಸು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು. ಫೋನ್ ಮಾಡಿದರೆ, ನೀವು ಕರೆದವರು ವ್ಯಾಪ್ತಿಯ ಹೊರಗಿದ್ದಾರೆ ಎಂದು ತಮಿಳಿನಲ್ಲಿ ಒಬ್ಬಳು ಬಹಳ ಗೌರವದಿಂದ ಹೇಳಿದಳು. ಹಸು ಇಲ್ಲಿದೆ, ರಂಗಿ ಎಲ್ಲಿ? ಮತ್ತೆ ತಗ್ಗಿನವರೆಗೆ ನಡೆದ. ಅದರಾಚೆಯ ಪೊದೆಗಳಲ್ಲಿ ಹುಲ್ಲು ಕೊಯ್ಯುತ್ತಿದ್ದರೆ ಹತ್ತಿರ ಹೋದರೂ ಕಾಣುವುದಿಲ್ಲ.

"ಅಣ್ಣಾ, ಹನ್ನೊಂದಕ್ಕೆ ಮಂಜು ಇಳಿಯುತ್ತೆ," ಎಂದ ಗಿರೀಶ್. "ಎಲ್ಲ ಬಿಟ್ಟು ಬಟ್ಟೆ ಕ್ಲಿಪ್ಪಿಗೆ ಕಾವಲು ನಿಂತಿದ್ದೀವಲ್ಲ."

"ಹೋದ್ ತಿಂಗ್ಳು ನೀನು ನೋಡ್ಕಂಡು ಹಾರ್ಸಿದ್ರೆ ಈ ಕ್ಲಿಪ್ಪೇ ಇರ್ತಿರ್ಲಿಲ್ಲ ಕನಪ್ಪ."

"ಅದು ಗಾಳಿ ಅಣ್ಣಾ."

"ನಿಂದು ಯಾವಾಗ್ಲೂ ಗಾಳಿನೇ."

ಹತ್ತೂವರೆಗೆ ಗೌಡರೇ ಎದ್ದು ಹಲಗೆಯ ಬಳಿ ಬಂದರು. "ರಂಗಿ ಎನ್ನ ತಮ್ಮನ ಹೆಂಡತಿ. ನಾ ತೆಗೆದರೆ ಅವಳು ತೆಗೆದ ಹಾಗೇ."

ಪುಟ್ಟರಾಜು ನಡುವೆ ಬಂದು ನಿಂತ. ಯಾಕೆ ನಿಂತೆ ಎಂದು ಅವನ ಕಾಲುಗಳೇ ಕೇಳುವಂತಿತ್ತು. "ಬ್ಯಾಡಿ ಗೌಡ್ರೆ. ಹಾಕ್ದೋರೇ ತೆಗೀಬೇಕು."

"ಬಯಲು ಯಾರದಪ್ಪಾ?"

"ಊರಂದು."

"ಊರಿಗೆ ಗೌಡ ಯಾರು?"

"ನೀವೇಯ. ಆದ್ರೂ ಕ್ಲಿಪ್ಪು ರಂಗಕ್ಕಂದು. ಅವ್ರು ಅಲ್ಲೆಲ್ಲೂ ಇಲ್ಲ ಅಂತ ನೀವು ಹೇಳ್ತೀರಾ? ನಂಗೆ ಹೇಳಕ್ಕಾಗಲ್ಲ."

ಗೌಡರು ಹೋಗಿ ಕಲ್ಲಿನ ಮೇಲೆ, ಈ ಸಲ ಬೆನ್ನು ತಿರುಗಿಸಿ ಕೂತರು. ಗಿರೀಶ್ ವಿಮಾನದ ರೆಕ್ಕೆ ಬಿಚ್ಚಿ ಚೀಲಕ್ಕೆ ತುಂಬತೊಡಗಿದ. ಬಯಲು ಹೋಯಿತು, ಎಂದುಕೊಂಡ ಪುಟ್ಟರಾಜು. ಗೇಟಿನಿಂದ ಕಲ್ಲಿಗೆ, ಕಲ್ಲಿನಿಂದ ಗೇಟಿಗೆ ನಡೆದ. ಹನ್ನೊಂದಕ್ಕೆ ಮಂಜು ಸಮಯಕ್ಕೆ ಸರಿಯಾಗಿ ಬಂತು. ಊಟಿ ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ಅದರಿಂದ ರಂಗಿ ಇಳಿದಳು, ಮೂಗಿನ ಮೇಲೆ ಹೊಸ ಕನ್ನಡಕ.

"ಶುರು ಮಾಡಲಿಲ್ಲ ತಾನೇ?"

"ಎಲ್ಲಿಗೆ ಹೋಗಿದ್ರಕ್ಕಾ?"

"ಕಣ್ಣಿನ ಕ್ಯಾಂಪಿಗೆ. ನಾ ಬರೋದರೊಳಗೆ ನೀವು ಎಲ್ಲಾ ಹಾರಿಸಿ ಮುಗಿಸಿಬಿಟ್ಟರೆ? ಅದಕ್ಕೇ ಹಾಕಿ ಹೋದೆ. ಬಸ್ಸಿನ ಸೀಟಿಗೆ ಟವಲ್ ಹಾಕೋದಿಲ್ಲವಾ, ಹಾಗೆ." ಅವಳು ಕ್ಲಿಪ್ಪನ್ನು ತೆಗೆದು ಪುಟ್ಟರಾಜುವಿನ ಕೈಗಿಟ್ಟಳು. "ಈಗ ಹಾರಿಸಿ."

"ಈಗೇನೂ ಕಾಣಲ್ಲಕ್ಕಾ."

"ನನಗೆ ಕಾಣದೇ ಇರೋದು ಸರಿ, ನಿಮಗೂನಾ?" ಎಂದು ರಂಗಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

ಗಿರೀಶ್ ನಕ್ಕ. ಗೌಡರು ನಗಲಿಲ್ಲ. ಕಲ್ಲಿನ ಮೇಲಿಂದಲೇ ಕೇಳಿದರು: "ಪುಟ್ಟರಾಜು, ಬಯಲಲ್ಲಿ ಇಲ್ಲದವರು ಕ್ಲಿಪ್ಪು ಹಾಕಬಾರದು ಅಂತ ನಿನ್ನ ಕಾಗದದಲ್ಲಿ ಇದೆಯಾ?"

"ಇಲ್ಲ ಗೌಡ್ರೆ."

"ಬರೆ. ಮುಂದಿನ ಭಾನುವಾರದೊಳಗೆ."

ಪುಟ್ಟರಾಜುವಿಗೆ ತಕ್ಷಣ ಹೊಳೆಯಲಿಲ್ಲ. "ಅಂದ್ರೆ, ಮುಂದಿನ ಭಾನುವಾರ ನಾವು..."

"ಹಾರಿಸದವರಿಗೆ ಕಾನೂನು ಯಾಕಪ್ಪಾ?" ಗೌಡರು ಶಾಲು ಕೊಡವಿಕೊಂಡು ಎದ್ದರು. ಗೇಟು ದಾಟುವಾಗ ದನಿ ತಗ್ಗಿಸಿ ಹೇಳಿದರು: "ಗೌಡ ಬಂದರೂ ತೆಗೆಯಬಾರದು ಅಂತ ಮಾತ್ರ ಬರೀಬೇಡ. ಅದು ನಮ್ಮಿಬ್ಬರಲ್ಲೇ ಇರಲಿ."