ಹಿಂದಕ್ಕೆ ಹಾಕದ ಐದು ಕಾಳು

ಕನ್ನಡ ವಿಮರ್ಶೆಗೆ ನಿನ್ನ ಕೊಡುಗೆ ಏನು ಎಂದು ನನ್ನನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು. ಕೇಳಿದರೆ ಹೇಳುವುದು ಇಷ್ಟೇ: ಇಜೇರಿಯ ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿ ನನಗೆ ಓದಲು ಕಲಿಸಿದರು. ಅಷ್ಟರಲ್ಲಿ ನನ್ನ ಎಂ.ಎ. ಮುಗಿದು ಆರು ವರ್ಷವಾಗಿತ್ತು.

1983ನೇ ಇಸವಿ. ಅಫಜಲಪುರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಅಸ್ತಿತ್ವವಾದ ತಲೆಗೇರಿತ್ತು. ಮನುಷ್ಯ ಮೊದಲು ಹುಟ್ಟಿರುತ್ತಾನೆ, ಆಮೇಲೆ ತನ್ನ ಆಯ್ಕೆಗಳಿಂದ ತಾನು ಯಾರೆಂದು ಕಟ್ಟಿಕೊಳ್ಳುತ್ತಾನೆ. ಆಯ್ಕೆಯಿಂದ ತಪ್ಪಿಸಿಕೊಂಡವನದು ಆತ್ಮವಂಚನೆ. ಯಾವ ಕಥೆ ಕೈಗೆ ಬಂದರೂ ನನ್ನದು ಒಂದೇ ಪ್ರಶ್ನೆ, ಇದರಲ್ಲಿ ಯಾರಾದರೂ ಆಯ್ಕೆ ಮಾಡಿದ್ದಾರೆಯೇ? ಮನೆಯಲ್ಲಿ ಹೆಂಡತಿ ಶರಣಬಸಮ್ಮ ಬದನೆಕಾಯಿಯೋ ಪುಂಡಿಪಲ್ಯವೋ ಎಂದು ಕೇಳಿದರೆ ಮಾತ್ರ ‘ಏನಾರ ಮಾಡು’ ಎಂದು ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದೆ.

ಆಗ ಒಂದು ಸಣ್ಣ ಮಾಸಪತ್ರಿಕೆಯಲ್ಲಿ ಇಜೇರಿಯ ಗುರುಶಾಂತಮ್ಮ ಎಂಬುವವರ ಕಥೆ ಬಂತು. ಅವರ ಮೊದಲ ಕಥೆ. ರೇಣವ್ವ ಗಂಡನೊಂದಿಗೆ ತೌರಿಗೆ ಬಂದಿದ್ದಾಳೆ. ಅಣ್ಣ ಯಾವುದೋ ಸಿಟ್ಟಿಗೆ ಅವಳ ಗಂಡನನ್ನು ಉಣ್ಣುವ ತಾಟಿನ ಮುಂದಿನಿಂದ ಎಬ್ಬಿಸಿ ಅಂಗಳಕ್ಕೆ ಅಟ್ಟುತ್ತಾನೆ. ರೇಣವ್ವ ಬಾಯಿ ಬಿಡುವುದಿಲ್ಲ. ಹೊರಡುವಾಗ ಅತ್ತಿಗೆ ಮೊರದ ಗೋಧಿ, ಕೊಬ್ಬರಿ, ಕುಪ್ಪಸದ ಖಣ ಸೆರಗಿಗೆ ಹಾಕಿ ಉಡಿ ತುಂಬುತ್ತಾಳೆ. ‘ರೇಣವ್ವ ಎಲ್ಲವನ್ನೂ ಸೆರಗಿಗೆ ಬಿಗಿದುಕೊಂಡಳು. ಮೊರದಲ್ಲಿ ಒಂದು ಕಾಳೂ ಉಳಿಯಲಿಲ್ಲ’ ಎಂದು ಕಥೆ ಮುಗಿಯುತ್ತದೆ.

ನಾನು ಎಂಟು ಪುಟ ಬರೆದೆ. ಗಂಡನಿಗೆ ಅವಮಾನವಾದರೂ ಕೊಟ್ಟದ್ದನ್ನೆಲ್ಲ ಬಾಚಿ ಕಟ್ಟಿಕೊಂಡು ಹೋಗುವ ಈ ಹೆಣ್ಣು ಆಯ್ಕೆಯನ್ನೇ ಅರಿಯದವಳು, ಇವಳನ್ನು ಸೃಷ್ಟಿಸಿದ ಲೇಖಕಿಯೂ ಅಷ್ಟೇ ಎಂದೆ. ಲೇಖನಕ್ಕೆ ಒಳ್ಳೆಯ ಹೆಸರು ಬಂತು. ಅದನ್ನೇ ಮೊದಲಿಗಿಟ್ಟು ನನ್ನ ಚೊಚ್ಚಲ ವಿಮರ್ಶಾ ಸಂಕಲನ ಅಚ್ಚಿಗೂ ಹೋಯಿತು. ನಡುವೆ ಇಜೇರಿಯಿಂದ ಒಂದು ಕಾರ್ಡು ಬಂದಿತ್ತು: ‘ತಾವು ಹೇಳಿದ್ದು ಸರಿ ಇರಬಹುದು. ಇನ್ನು ಬರೆಯುವುದನ್ನು ಬಿಟ್ಟಿದ್ದೇನೆ. ನಮಸ್ಕಾರ.’ ಅದನ್ನು ಓದಿ ನಾನು ಮೀಸೆಯಡಿ ನಕ್ಕಿದ್ದೆ. ಇಂದಿಗೂ ಆ ನಗುವಿಗೆ ನನಗೆ ನಾಚಿಕೆಯಾಗುತ್ತದೆ.

ಶ್ರಾವಣದಲ್ಲಿ ಜೇವರ್ಗಿಗೆ, ಶರಣಬಸಮ್ಮನ ಅಕ್ಕ ಮಾಣಿಕಮ್ಮನ ಮನೆಗೆ ಹೋಗಿದ್ದೆವು. ಹೊರಡುವ ಹೊತ್ತಿಗೆ ಹೆಂಗಸರು ಉಡಿ ತುಂಬುವುದೆಂದರೆ ಗಂಡಸರು ಹೊರಗೆ ಚಪ್ಪಲಿ ಹುಡುಕುವ ಸಮಯ. ಅವತ್ತು ಮಳೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಹೆಂಡತಿ ಸೆರಗೊಡ್ಡಿ ಗೋಧಿ ಹಾಕಿಸಿಕೊಂಡಳು, ಅದರಿಂದ ಐದು ಕಾಳು ಹೆಕ್ಕಿ ಮೊರಕ್ಕೆ ಹಿಂದಕ್ಕೆ ಹಾಕಿದಳು.

“ಅದ್ಯಾಕ ಹಿಂದಕ್ಕ ಹಾಕ್ದಿ?” ಎಂದೆ.

“ಮನಿ ತುಂಬಿರ್ಲಿ, ನಾ ಮತ್ತ ಬರ್ತೇನಿ ಅಂತ. ಇಷ್ಟೂ ಗೊತ್ತಿಲ್ಲೇನ್ರಿ?”

“ಹಾಕದಿದ್ರ?”

ಮಾಣಿಕಮ್ಮ ಗದರಿದರು. “ಅಂಥಾ ಮಾತು ಆಡಬ್ಯಾಡ್ರಿ ಧರ್ಮಣ್ಣಾರ. ಹಾಕಲಿಲ್ಲಂದ್ರ ಈ ಮನಿ ಋಣ ಹರೀತು, ಮತ್ತ ಈ ಹೊಸ್ತಲಾ ತುಳಿಯಂಗಿಲ್ಲ ಅಂತ.”

ಕಥೆಯ ಕೊನೆಯ ಸಾಲು ನೆನಪಾಯಿತು. ಮೊರದಲ್ಲಿ ಒಂದು ಕಾಳೂ ಉಳಿಯಲಿಲ್ಲ. ರೇಣವ್ವ ಆಯ್ಕೆ ಮಾಡಿದ್ದಳು, ತೌರನ್ನೇ ಕಡಿದುಕೊಂಡು ಹೋಗಿದ್ದಳು. ಅದನ್ನು ಕಾಣದೆ, ಬರೆಯುತ್ತಿದ್ದ ಒಂದು ಕೈಯನ್ನು ನಾನು ನಿಲ್ಲಿಸಿಬಿಟ್ಟಿದ್ದೆ.

ಹೆಂಡತಿಯನ್ನು ಅಲ್ಲಿಯೇ ಬಿಟ್ಟು ಇಜೇರಿಯ ಬಸ್ಸು ಹತ್ತಿದೆ. ಶಾಲೆ ಬಿಡುವ ಹೊತ್ತು. ಗುರುಶಾಂತಮ್ಮ ನಲವತ್ತು ದಾಟಿದವರು, ಕೈಗೆಲ್ಲ ಸುಣ್ಣದ ಕಡ್ಡಿಯ ಪುಡಿ. ನಾನು ಅಫಜಲಪುರದ ಧರ್ಮಣ್ಣ ಎಂದಕೂಡಲೇ ಅವರು ಕುರ್ಚಿಯನ್ನು ಸೆರಗಿನಿಂದ ಒರೆಸಿ ಮುಂದಿಟ್ಟರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

“ಅಕ್ಕೋರ, ನಾ ಕಥಿ ತಪ್ಪು ಓದೀನ್ರಿ. ಕಾಳು ಹಿಂದಕ್ಕ ಹಾಕೋದು ನನಗ ಗೊತ್ತಿರಲಿಲ್ಲ, ಇವತ್ತ ನಮ್ಮ ಮನಿಯವ್ರು ಹೇಳಿದ್ರು.”

ಅವರು ಕೈಯ ಪುಡಿ ಝಾಡಿಸಿಕೊಂಡರು. “ನಮ್ಮ ಶಾಲಿ ಕಸಾ ಹೊಡಿಯೋ ಖಾಸೀಂಬಿಗೆ ಓದಿ ಹೇಳಿದ್ದೆನ್ರಿ. ಆಕಿ ಆ ಸಾಲಿಗೆ ಬಂದಕೂಡ್ಲೇ ‘ಯವ್ವಾ, ಹಿಂದಕ್ಕ ಹಾಕಲೇ ಇಲ್ಲೇನು’ ಅಂತ ಅತ್ತಳು. ಆದ್ರ ಎಂ.ಎ. ಓದಿದವ್ರಿಗೇ ತಿಳೀಲಿಲ್ಲ ಅಂದ್ರ ನಾನೇ ಬರೋಬ್ಬರಿ ಬರ್ದಿಲ್ಲ ಅಂದ್ಕೊಂಡೆ.”

ನನ್ನ ಕಣ್ಣು ತುಂಬಿತು. ಒರೆಸಿಕೊಂಡು ಹೇಳಿದೆ, “ಪುಸ್ತಕ ಇನ್ನಾ ಅಚ್ಚಿನ್ಯಾಗ ಅದ. ನಾಳೆನೇ ಹೋಗಿ ಆ ಲೇಖನ ತಗಸ್ತೇನಿ.”

“ತಗೀಬ್ಯಾಡ್ರಿ.”

“ಯಾಕ್ರಿ?”

“ಮನುಷ್ಯಾ ತಾ ಮಾಡಿದ್ದಕ್ಕ ತಾನೇ ಜವಾಬ್ದಾರ ಅಂತ ನೀವೇ ಬರ್ದೀರಿ. ನನಗ ತಿಳಿದದ್ದು ಅದೊಂದೇ ಮಾತು. ಆ ಎಂಟು ಪುಟ ಹಂಗೇ ಇರ್ಲಿ. ಅದರ ಕೆಳಗ, ನಾ ಎಲ್ಲಿ ತಪ್ಪಿದೆ ಅಂತ ಬರೀರಿ.”

ಕಿತ್ತು ಹಾಕುವುದು ಸುಲಭವಿತ್ತು, ನನ್ನ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪುಸ್ತಕದ ಮೊದಲ ಲೇಖನದಡಿಯಲ್ಲೇ ‘ನನಗೆ ಓದಲು ಬರಲಿಲ್ಲ’ ಎಂದು ಅಚ್ಚು ಹಾಕಿಸಿಕೊಂಡ ವಿಮರ್ಶಕನನ್ನು ಯಾವ ಗೋಷ್ಠಿಗೆ ಕರೆದಾರು? ನಾಲ್ಕು ವರ್ಷ ಬಾಯಿ ತುಂಬ ಹೇಳಿದ ಆಯ್ಕೆ ಮೊದಲ ಸಲ ನನ್ನ ಎದುರಿಗೇ ಬಂದು ನಿಂತಿತ್ತು.

“ಬರೀತೇನ್ರಿ” ಎಂದೆ. “ನೀವೂ ಬರೀಬೇಕು.”

ಬಸ್ಸಿನ ಹೊತ್ತಾಯಿತೆಂದು ನಾನು ಎದ್ದಾಗ, ದಾರಿಗೆ ಇರಲಿ ಎಂದು ಅವರು ತಾಟಿನಿಂದ ನನ್ನ ಕರವಸ್ತ್ರಕ್ಕೆ ಹುರಿದ ಶೇಂಗಾ ಸುರಿದರು. ನಾನು ಐದು ಶೇಂಗಾ ಹೆಕ್ಕಿ ಅವರ ತಾಟಿಗೆ ಹಿಂದಕ್ಕೆ ಹಾಕಿದೆ. ಗಂಡಸರು ಮಾಡುವ ಕೆಲಸವಲ್ಲ. ಗುರುಶಾಂತಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು.

ಪುಸ್ತಕ ಎಂಟು ಪುಟದ ಜೊತೆಗೆ ನನ್ನ ಒಂದು ಪುಟದ ತಪ್ಪೊಪ್ಪಿಗೆಯನ್ನೂ ಹೊತ್ತು ಬಂತು. ನಿರೀಕ್ಷಿಸಿದಂತೆ ಎರಡು ವರ್ಷ ಯಾವ ಗೋಷ್ಠಿಗೂ ಕರೆ ಬರಲಿಲ್ಲ. ಆದರೆ ಆ ಪುಸ್ತಕದಲ್ಲಿ ನಾನು ಇಂದಿಗೂ ಧೈರ್ಯದಿಂದ ತೆರೆಯುವುದು ಆ ಒಂದು ಪುಟವನ್ನೇ. ಅದನ್ನು ಬರೆಸಿದವರ ಋಣ ನನಗೆ ಹರಿಯುವಂಥದ್ದಲ್ಲ.

ಆ ವರ್ಷವೇ ದೀಪಾವಳಿಗೆ ಮೊದಲು ಇಜೇರಿಯಿಂದ ಒಂದು ಲಕೋಟೆ ಬಂತು. ಒಳಗೆ ಹದಿನಾಲ್ಕು ಪುಟದ ಹೊಸ ಕಥೆ, ಮೇಲೊಂದು ಚೀಟಿ: ‘ಮೊದಲು ನಿಮ್ಮ ಮನೆಯವರು ಓದಲಿ. ಆಮೇಲೆ ನೀವು.’

ಶರಣಬಸಮ್ಮ ಒಲೆಯ ಮುಂದೆ ಕುಳಿತು ಓದತೊಡಗಿದಳು. ನಾನು ರೊಟ್ಟಿ ತಿರುವಿ ಹಾಕುತ್ತಾ ಕಾಯುತ್ತಿದ್ದೆ.