ಹೆಪ್ಪುಗಟ್ಟದ ಹಾಲು

ಮೂರನೆಯ ದಿನವೂ ಹಾಲು ಹೆಪ್ಪುಗಟ್ಟಲಿಲ್ಲ. ಶಾಂತಾದೇವಿ ಗಡಿಗೆಯನ್ನು ಓರೆ ಮಾಡಿದರು. ಮೊಸರಾಗಬೇಕಾದದ್ದು ನೀರಿನಂತೆ ಅಂಚಿಗೆ ಹರಿದು ಬಂತು. ಸೊಸೆಯ ಕೈ ನೋಡಿದರು, ಮುಖ ನೋಡಲಿಲ್ಲ.

“ನೀನು ಮುಟ್ಟಿದ್ದಕ್ಕೇ ಹಿಂಗಾಗ್ತಿರೋದು ಕಣೆ. ಇನ್ನು ಅಡುಗೆಮನೆಗೆ ಕಾಲಿಡಬೇಡ.”

ಗಂಡ ಸತ್ತು ಎಂಟು ತಿಂಗಳಾಗಿದ್ದ ಪ್ರೇಮಲೀಲಾಗೆ ಆ ಮನೆಯಲ್ಲಿ ಉಳಿದಿದ್ದುದು ಅಡುಗೆಮನೆಯೊಂದೇ. ಅತ್ತೆ ಆಚೆ ಹೋದ ಮೇಲೆ, ಪಾತ್ರೆಯಲ್ಲಿ ಮಿಕ್ಕಿದ್ದ ಹಸಿ ಹಾಲಿಗೆ ಬೆರಳದ್ದಿ ನೆಕ್ಕಿದಳು. ಉಪ್ಪುಪ್ಪು.

ನೀರು ಬೆರೆಸಿದ್ದರೆ ಸಪ್ಪೆಯಾಗಬೇಕಿತ್ತು, ಉಪ್ಪೇಕೆ? ಹಾಲಿನ ಮರಿಸ್ವಾಮಿ ಮೊದಲು ಬಾಗಿಲಿಗೇ ಹಸು ಹೊಡೆದುಕೊಂಡು ಬಂದು ಕಣ್ಣೆದುರು ಕರೆದುಕೊಡುತ್ತಿದ್ದ. ಈಗ ನಾಲ್ಕು ದಿನದಿಂದ, ಹಸುವಿಗೆ ಕಾಲುನೋವೆಂದು ಕ್ಯಾನಿನಲ್ಲಿ ತರುತ್ತಿದ್ದಾನೆ. ಕೊಡುವಾಗ ಕಣ್ಣು ತಪ್ಪಿಸುತ್ತಾನೆ.

ಮರುದಿನ ಬೆಳಿಗ್ಗೆ ಬನ್ನಿಮಂಟಪದಾಚೆಯ ಅವನ ಕೊಟ್ಟಿಗೆಗೆ ಹೋದಳು. ಹಸು ನಾಲ್ಕು ಕಾಲೂರಿ ನೆಟ್ಟಗೆ ನಿಂತಿತ್ತು. ಕೆಚ್ಚಲು ಮಾತ್ರ ಬತ್ತಿತ್ತು. ಪಕ್ಕದ ಬಯಲಿನಲ್ಲಿ, ದಸರೆ ಮೆರವಣಿಗೆಗೆಂದು ಬಂದು ಮರಿ ಹಾಕಿ ಅಲ್ಲೇ ಉಳಿದಿದ್ದ ಒಂಟೆ. ಮರಿಸ್ವಾಮಿ ಅದರ ಪಕ್ಕ ಒಂಟಿಕಾಲಲ್ಲಿ ನಿಂತು, ಮಡಿಸಿದ ಮೊಣಕಾಲಿನ ಮೇಲೆ ಕ್ಯಾನಿಟ್ಟುಕೊಂಡು ಕರೆಯುತ್ತಿದ್ದ.

ಅವಳನ್ನು ಕಂಡು ಬೀಳುವಂತಾದ.

“ಹಸ ಬತ್ತೋಯ್ತು ಕಣ್ರವ್ವ. ಎಂಟು ಮನೆ ಹಾಲಿನ ವರ್ತನೆ ಕೈಬುಟ್ಟೋಯ್ತದೆ ಅಂತ, ಒಂಟೆಯೋರ್ಗೆ ಹುಲ್ಲು ಕೊಟ್ಟು ಇದ್ನ ತತ್ತಿವ್ನಿ. ವಿಸ ಅಲ್ಲ, ಅವರ ಮಕ್ಳೂ ಕುಡೀತವೆ. ಹೇಳ್ಬುಡಬೇಡಿ.”

“ನಾನು ಹೇಳಲ್ಲ. ನೀನೇ ಬಂದು ನಮ್ಮತ್ತೆಗೆ ಹೇಳಪ್ಪ. ತಪ್ಪು ಹಾಲಿಂದು, ನನ್ನ ಕೈದಲ್ಲ ಅಂತ.”

ಅವನು ಕ್ಯಾನನ್ನು ಕೆಳಗಿಟ್ಟ. ಅವಳ ಹಿಂದೆಯೇ ಬಂದ. ತಲೆಯ ಟವಲನ್ನು ಕಂಕುಳಿಗಿಟ್ಟುಕೊಂಡು ಹೊಸ್ತಿಲಾಚೆ ನಿಂತು ಒಪ್ಪಿಕೊಂಡ.

“ಒಂಟೆ ಹಾಲಾ! ಅದರಲ್ಲೇ ಲಿಂಗಕ್ಕೆ ಅಭಿಷೇಕ ಮಾಡಿದ್ನಲ್ಲೋ ಪಾಪಿ!” ಶಾಂತಾದೇವಿ ಗಡಿಗೆಯನ್ನು ಹಿತ್ತಿಲಿಗೆ ಒಯ್ದು ಒಡೆದರು. ಅವನ ವರ್ತನೆಯನ್ನು ಅಲ್ಲೇ ಬಿಡಿಸಿದರು. ಸೊಸೆ ಅಡುಗೆಮನೆಗೆ ಹೋದಳು, ಅತ್ತೆ ತಡೆಯಲಿಲ್ಲ.

ಸಂಜೆ ಎದುರುಮನೆಯಿಂದ ಹಸುವಿನ ಹಾಲು ಬಂತು. ಪ್ರೇಮಲೀಲಾ ಕಾಸಿದಳು, ಉಗುರುಬೆಚ್ಚಗಾಗುವವರೆಗೆ ಕಾದಳು, ಹೆಪ್ಪಿನ ಬಟ್ಟಲಿಗೆ ಕೈ ಚಾಚಿದಳು. ಅತ್ತೆ ಅಷ್ಟರಲ್ಲಿ ಬಂದು ಬಟ್ಟಲೆತ್ತಿಕೊಂಡರು.

“ಇರಲಿ ಬಿಡಮ್ಮ,” ಎಂದರು, ಎಂದಿಗಿಂತ ಮೆತ್ತಗೆ. “ಇದು ಒಳ್ಳೆ ಹಾಲು. ನಾನೇ ಹಾಕ್ತೀನಿ.”